ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳಿಗೆ ಹೋಗಿ ಬಂದವರು ಹೇಳಿ: ಒಂದು ವಾರದಲ್ಲಿ ಎಷ್ಟು ದ್ವೀಪ ಆಗುತ್ತೆ?

ನೀಲಿಛತ್ರಿ: ಡಿಸೆಂಬರ್ ಮಧ್ಯದಲ್ಲಿ ನಾನು, ಅಮ್ಮ ಇಬ್ಬರೇ ಹೊರಟಿದ್ದೇವೆ. ಶನಿವಾರ ಇಳಿದು ಮುಂದಿನ ಶನಿವಾರ ವಾಪಸ್. ರಾಜಧಾನಿ ಸ್ಟ್ಯಾನ್ಲಿ, ವಾಲಂಟಿಯರ್ ಪಾಯಿಂಟ್, ಸೀ ಲಯನ್, ಸಾಂಡರ್ಸ್, ಕಾರ್ಕಸ್, ಪೆಬಲ್ ಎಲ್ಲವೂ ಪಟ್ಟಿಯಲ್ಲಿವೆ. ಅಮ್ಮನಿಗೆ ಮೊಣಕಾಲು ನೋವು. ಸಮತಟ್ಟು ಜಾಗದಲ್ಲಿ ಆರಾಮಾಗಿ ನಡೆಯುತ್ತಾರೆ, ಏರು ಕಷ್ಟ. ಪೆಂಗ್ವಿನ್ ನೋಡಬೇಕು ಅನ್ನೋದು ಅವರದೇ ಆಸೆ. ಈ ಪ್ಲಾನ್ ಆಗುತ್ತಾ?

ದಾರಿಹೋಕ: ಆಗಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಹೊರಗಿನ ದ್ವೀಪ ಎರಡೇ ಇಟ್ಟುಕೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ಚಿಲಿಯ ಪುಂಟಾ ಅರೆನಾಸ್ ಕಡೆಯಿಂದ ಬರುವ ವಿಮಾನ ವಾರಕ್ಕೊಂದೇ, ಶನಿವಾರ. ವಾಪಸ್ ಹೋಗುವುದೂ ಅದೇ. ಅದು ತಪ್ಪಿದರೆ ಇನ್ನೊಂದು ವಾರ ಅಲ್ಲೇ. ಹಾಗಾಗಿ ಶುಕ್ರವಾರ ರಾತ್ರಿ ನೀವು ಸ್ಟ್ಯಾನ್ಲಿಯಲ್ಲಿ ಇರಲೇಬೇಕು, ನನ್ನ ಕೇಳಿದರೆ ಗುರುವಾರವೇ ಬಂದುಬಿಡಿ. ಇಳಿದ ದಿನ ಮೌಂಟ್ ಪ್ಲೆಸೆಂಟ್ ವಿಮಾನ ನಿಲ್ದಾಣದಿಂದ ಸ್ಟ್ಯಾನ್ಲಿಗೆ ಬರೋದರಲ್ಲೇ ಮುಗಿಯುತ್ತದೆ. ಕೈಯಲ್ಲಿ ಉಳಿಯೋದು ಭಾನುವಾರದಿಂದ ಗುರುವಾರ.

ದ್ವೀಪದಿಂದ ದ್ವೀಪಕ್ಕೆ ಓಡಾಡುವುದು ಸರ್ಕಾರದ ಪುಟ್ಟ ಕೆಂಪು ವಿಮಾನಗಳಲ್ಲಿ. ಅಲ್ಲಿಯವರು ಫಿಗಾಸ್ ಅನ್ನುತ್ತಾರೆ. ಬಸ್ಸಿನ ಹಾಗೆ ಕಾಯಂ ಟೈಂಟೇಬಲ್ ಇಲ್ಲ. ಯಾರ‍್ಯಾರು ಎಲ್ಲಿಗೆ ಬುಕ್ ಮಾಡಿದ್ದಾರೆ ಅಂತ ನೋಡಿ ಹಿಂದಿನ ದಿನ ಮಾರ್ಗ ಹಾಕುತ್ತಾರೆ. ಬೆಳಗ್ಗೆ ಹೊರಡುತ್ತೀರೋ ಮಧ್ಯಾಹ್ನವೋ ಅನ್ನೋದು ಸಾಯಂಕಾಲ ಗೊತ್ತಾಗುತ್ತದೆ. ಬ್ಯಾಗನ್ನು ತೂಗುತ್ತಾರೆ, ನಿಮ್ಮನ್ನೂ ತೂಗುತ್ತಾರೆ, ಆ ಲೆಕ್ಕದಲ್ಲಿ ಸೀಟು ಕೊಡುತ್ತಾರೆ. ಅಮ್ಮನಿಗೆ ಪೈಲಟ್ ಪಕ್ಕದ ಸೀಟೇ ಸಿಕ್ಕರೂ ಸಿಗಬಹುದು! ಸಾಮಾನು 20 ಕೆಜಿಯೊಳಗಿರಲಿ. ಇಳಿಯುವುದು ಹುಲ್ಲಿನ ಮೇಲೆ. ಬೆಂಕಿ ಆರಿಸುವ ಸಾಮಾನು ಹೊತ್ತ ಟ್ರೇಲರನ್ನು ಲ್ಯಾಂಡ್ ರೋವರ್‌ಗೆ ಕಟ್ಟಿಕೊಂಡು ಫಾರ್ಮಿನವರೇ ಬಂದು ನಿಂತಿರುತ್ತಾರೆ. ವಿಮಾನ ಹಾರಿಹೋದ ಮೇಲೆ ಅದೇ ಗಾಡಿಯಲ್ಲಿ ನೀವೂ, ನಿಮ್ಮ ಬ್ಯಾಗೂ ಮನೆಗೆ.

ಗಾಳಿ ಜೋರಾದರೆ ಇದೆಲ್ಲ ನಿಂತುಹೋಗುತ್ತದೆ. ಪ್ರತಿ ದ್ವೀಪಕ್ಕೂ ಒಂದೇ ರಾತ್ರಿ ಅಂತ ಇಟ್ಟುಕೊಂಡವರ ಪ್ಲಾನ್ ಇಲ್ಲೇ ಕುಸಿಯೋದು. ಅದೂ ಅಲ್ಲದೆ, ಪ್ರಾಣಿಗಳು ನಿಮ್ಮ ಗಡಿಯಾರ ನೋಡಿ ಬರೋದಿಲ್ಲವಲ್ಲ.

ಮಳೆಕಾಡು: ಮೇಲಿನವರು ಹೇಳಿದ್ದು ಸರಿ. ಅಮ್ಮ ಜೊತೆಗಿದ್ದಾರೆ ಅಂದರೆ ನನ್ನ ಓಟು ಸೀ ಲಯನ್ ದ್ವೀಪಕ್ಕೆ. ಚಪ್ಪಟೆ ದ್ವೀಪ. ಲಾಡ್ಜ್‌ನಿಂದ ಹೊರಗೆ ಬಂದರೆ ಜೆಂಟೂ ಪೆಂಗ್ವಿನ್‌ಗಳು ಹತ್ತಿರದಲ್ಲೇ, ನಿಧಾನವಾಗಿ ನಡೆದರೂ ಸಾಕು. ಡಿಸೆಂಬರ್‌ನಲ್ಲಿ ಸಣ್ಣ ಮರಿಗಳಿರುತ್ತವೆ. ಎಲಿಫೆಂಟ್ ಸೀಲ್ ಅನ್ನೋ ದೈತ್ಯ ಕಡಲಪ್ರಾಣಿಯ ಗಂಡುಗಳ ಕಾದಾಟದ ಕಾಲ ಅಷ್ಟರಲ್ಲಿ ಮುಗಿದಿರುತ್ತದೆ, ಅದು ಅಕ್ಟೋಬರ್ ಸುಮಾರಿಗೆ. ಆದರೆ ಹಳೇ ಚರ್ಮ ಉದುರಿಸಿಕೊಳ್ಳಲು ಬಂದವು ಒಂದರ ಮೇಲೊಂದು ಬಿದ್ದುಕೊಂಡು ತೇಗುತ್ತಾ ಇರುತ್ತವೆ. ವಾಸನೆ ಬಗ್ಗೆ ಅಮ್ಮನಿಗೆ ಮೊದಲೇ ಹೇಳಿಡಿ.

ಒಂದು ಎಚ್ಚರಿಕೆ. ಆಳೆತ್ತರದ ಟಸಾಕ್ ಹುಲ್ಲಿನೊಳಗೆ ಸುಮ್ನೆ ನುಗ್ಗಬೇಡಿ. ಒಳಗೆ ಸೀ ಲಯನ್ (ಕಡಲಸಿಂಹ ಅನ್ನೋ ಪ್ರಾಣಿ) ಮಲಗಿರಬಹುದು. ಅದಕ್ಕೂ ಸಮುದ್ರಕ್ಕೂ ನಡುವೆ ನೀವು ಸಿಕ್ಕಿಹಾಕಿಕೊಂಡರೆ ಅದು ನಿಮ್ಮ ಮೇಲೆಯೇ ಬರುತ್ತದೆ.

ಕಡಲಹಾದಿ: ನಾನು ಸ್ವಲ್ಪ ಜಗಳ ಮಾಡಲಾ? ಸಾಂಡರ್ಸ್ ಬಿಟ್ಟು ಬಂದರೆ ಫಾಕ್‌ಲ್ಯಾಂಡ್ ಅರ್ಧ ನೋಡಿದ ಹಾಗೆ. ಅಲ್ಲಿ ನೆಕ್ ಅಂತ ಒಂದು ಜಾಗ ಇದೆ. ಎರಡು ಗುಡ್ಡಗಳ ನಡುವೆ ಮರಳಿನ ಕಿರಿದಾದ ಪಟ್ಟಿ, ಎರಡೂ ಕಡೆ ಸಮುದ್ರ. ಜೆಂಟೂ, ಕಿಂಗ್, ಮೆಗೆಲಾನಿಕ್, ರಾಕ್‌ಹಾಪರ್ ನಾಲ್ಕೂ ಜಾತಿ ಪೆಂಗ್ವಿನ್ ಒಂದೇ ಕಡೆ. ಮೇಲಿನ ಇಳಿಜಾರಿನಲ್ಲಿ ಕಪ್ಪು ಹುಬ್ಬಿನ ಅಲ್ಬಟ್ರಾಸ್ ಅನ್ನೋ ದೊಡ್ಡ ಕಡಲಹಕ್ಕಿಗಳ ಗೂಡುಗಳು, ಮಣ್ಣಿನಲ್ಲಿ ಕಟ್ಟಿದ ಕುಂಡದ ಹಾಗೆ. ಜಗತ್ತಿನ ಈ ಜಾತಿ ಅಲ್ಬಟ್ರಾಸ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗೂಡು ಕಟ್ಟೋದು ಫಾಕ್‌ಲ್ಯಾಂಡ್‌ನಲ್ಲೇ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ರಾಕ್‌ಹಾಪರ್‌ಗಳ ಸ್ನಾನ. ಬಂಡೆಯಿಂದ ಸಿಹಿನೀರು ಸಣ್ಣಗೆ ಸುರಿಯುವ ಒಂದು ಜಾಗಕ್ಕೆ ಅವು ಬರುತ್ತವೆ. ಸಮುದ್ರದಿಂದ ಹತ್ತಿ ಬಂದದ್ದು ನೀರಿನ ಕೆಳಗೆ ನಿಂತು ಕತ್ತು ಮೇಲೆತ್ತುತ್ತದೆ, ರೆಕ್ಕೆ ಸ್ವಲ್ಪ ಬಿಚ್ಚುತ್ತದೆ, ಹಳದಿ ಹುಬ್ಬು ಒದ್ದೆಯಾಗಿ ಕಣ್ಣಿನ ಮೇಲೆ ಇಳಿಬೀಳುತ್ತದೆ. ಹಿಂದಿನದು ಕಾದು ಕಾದು ಕೊಕ್ಕಿನಿಂದ ಕುಕ್ಕುತ್ತದೆ. ಮುಂದಿನದು ಕದಲಲ್ಲ. ನಲ್ಲಿ ಮುಂದಿನ ಜಗಳ ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ, ಅಲ್ವಾ?

ಮಳೆಕಾಡು: ಅದೆಲ್ಲ ನಿಜ ಸರ್. ಆದರೆ ಆ ಸ್ನಾನದ ಜಾಗಕ್ಕೆ ಇಳಿಜಾರು ಹತ್ತಿ ಹೋಗಬೇಕು. ವಸತಿಯಿಂದ ನೆಕ್‌ವರೆಗೆ ಗಾಡಿಯ ಕುಲುಕಾಟ ಬೇರೆ. ಆ ತಾಯಿಯ ಮೊಣಕಾಲು ಏನಾಗಬೇಕು?

ಕಡಲಹಾದಿ: ಒಪ್ಪಿದೆ. ಆದರೆ ಕೆಳಗಿನ ಮರಳಿನಲ್ಲಿ ಜೆಂಟೂ, ಕಿಂಗ್ ಎರಡೂ ಸಿಗುತ್ತವೆ. ಅವರು ಅಲ್ಲೇ ಕೂತಿರಲಿ, ಮಗಳು ಹತ್ತಿ ಹೋಗಿ ಬರಲಿ. ನೆಕ್‌ನಲ್ಲಿ ಸಣ್ಣ ಕ್ಯಾಬಿನ್ ಇದೆ, ರಾತ್ರಿ ಅಲ್ಲೇ ಉಳಿಯಬಹುದು. ಅಡುಗೆ ನೀವೇ ಮಾಡಿಕೊಳ್ಳಬೇಕು.

ಪುಟಾಣಿಗುಬ್ಬಿ: ಕಾರ್ಕಸ್‌ಗೆ ಯಾರೂ ಓಟು ಹಾಕಿಲ್ಲ! ಆ ದ್ವೀಪಕ್ಕೆ ಇಲಿ, ಬೆಕ್ಕು ಹತ್ತಿಲ್ಲ, ಹಾಗಾಗಿ ಸಣ್ಣ ಹಕ್ಕಿಗಳು ಕಾಲ ಬುಡದಲ್ಲೇ ಓಡಾಡುತ್ತವೆ. ಕಾಬ್ಸ್ ರೆನ್ ಅನ್ನೋ ಹಕ್ಕಿ ಇಡೀ ಜಗತ್ತಿನಲ್ಲಿ ಫಾಕ್‌ಲ್ಯಾಂಡ್‌ನಲ್ಲಿ ಮಾತ್ರ ಇರೋದು, ಅದೂ ಇಲಿ ಇರುವ ಕಡೆ ಬದುಕಲ್ಲ. ಆದರೆ ಜಾನಿ ರೂಕ್ ಬಗ್ಗೆ ಹುಷಾರು. ಹದ್ದಿನಂಥ ಕಂದು ಹಕ್ಕಿ, ಪಕ್ಕಾ ಕಳ್ಳ. ಟೋಪಿ, ಗ್ಲೌಸ್, ಲೆನ್ಸ್ ಮುಚ್ಚಳ ಏನು ಕೆಳಗಿಟ್ಟರೂ ಹೊತ್ತೊಯ್ಯುತ್ತದೆ. 1830ರ ದಶಕದಲ್ಲಿ ಡಾರ್ವಿನ್ ಬಂದ ಸಮುದ್ರಯಾನದ ತಂಡದವರ ಟೋಪಿಯನ್ನೂ ದಿಕ್ಸೂಚಿಯನ್ನೂ ಇವು ಎತ್ತಿಕೊಂಡು ಹೋಗಿದ್ದವು. ದಿಕ್ಸೂಚಿ ವಾಪಸ್ ಸಿಗಲೇ ಇಲ್ಲ.

ನೀಲಿಛತ್ರಿ: ಎಲ್ಲರಿಗೂ ಥ್ಯಾಂಕ್ಸ್. ಸೀ ಲಯನ್, ಸಾಂಡರ್ಸ್ ಎರಡೇ ಉಳಿಸಿಕೊಂಡೆ. ಕಿಂಗ್ ಪೆಂಗ್ವಿನ್‌ಗೋಸ್ಕರ ವಾಲಂಟಿಯರ್ ಪಾಯಿಂಟ್‌ಗೂ ಹೋಗಲೇಬೇಕಾ? ದುಡ್ಡು, ಬಟ್ಟೆ ಬಗ್ಗೆಯೂ ಸ್ವಲ್ಪ ಹೇಳಿ.

ದಾರಿಹೋಕ: ಫಾಕ್‌ಲ್ಯಾಂಡ್‌ನಲ್ಲಿ ಕಿಂಗ್‌ಗಳ ದೊಡ್ಡ ಗುಂಪು ಇರೋದು ಅಲ್ಲೇ. ಮರಿ ಬೆಳೆಯಲು ಒಂದು ವರ್ಷಕ್ಕಿಂತ ಜಾಸ್ತಿ ಬೇಕು, ಅದಕ್ಕೇ ಯಾವ ತಿಂಗಳಲ್ಲಿ ಹೋದರೂ ಕಂದು ಬಣ್ಣದ ಮರಿಗಳು ಕಾಣುತ್ತವೆ. ಅಲ್ಲಿಗೆ ತಲುಪಿದ ಮೇಲೆ ನಡಿಗೆ ಸುಲಭ. ಆದರೆ ಸ್ಟ್ಯಾನ್ಲಿಯಿಂದ ಹೋಗುವಾಗ ಕೊನೆಯ ಭಾಗದಲ್ಲಿ ರಸ್ತೆಯೇ ಇಲ್ಲ, ಜೌಗು ನೆಲದ ಮೇಲೆ ಗಾಡಿ ಎದ್ದು ಬಿದ್ದು ಹೋಗುತ್ತದೆ. ಶುಕ್ರವಾರ ಖಾಲಿ ಇದ್ದು, ಅಮ್ಮನಿಗೆ ಹುಮ್ಮಸ್ಸಿದ್ದರೆ ನೋಡಿ. ಇಲ್ಲದಿದ್ದರೆ ಸ್ಟ್ಯಾನ್ಲಿ ಹತ್ತಿರದ ಜಿಪ್ಸಿ ಕೋವ್ ಸಾಕು, ಮೆಗೆಲಾನಿಕ್ ಪೆಂಗ್ವಿನ್‌ಗಳು ಬಿಲದ ಬಾಯಲ್ಲಿ ನಿಂತಿರುತ್ತವೆ. ದಾರಿ ಬಿಟ್ಟು ತುಳಿಯಬೇಡಿ, ಬಿಲ ಕುಸಿಯುತ್ತದೆ. 1982ರ ಬ್ರಿಟನ್-ಅರ್ಜೆಂಟೀನಾ ಯುದ್ಧದ ನೆಲಬಾಂಬುಗಳ ಭಯ ಈಗಿಲ್ಲ, 2020ರಲ್ಲಿ ಪೂರ್ತಿ ತೆಗೆದು ಮುಗಿಸಿದರು.

ದುಡ್ಡು: ಅಲ್ಲಿಯ ಪೌಂಡ್, ಬ್ರಿಟಿಷ್ ಪೌಂಡ್ ಎರಡರ ಬೆಲೆಯೂ ಒಂದೇ, ಎರಡೂ ನಡೆಯುತ್ತವೆ. ಅಲ್ಲಿಯ ನೋಟು ಹೊರಗೆ ನಡೆಯಲ್ಲ, ಹೊರಡುವ ಮೊದಲು ಬದಲಾಯಿಸಿಕೊಳ್ಳಿ. ಹೊರದ್ವೀಪಗಳಲ್ಲಿ ಕಾರ್ಡ್ ನಂಬಬೇಡಿ. ಕಷ್ಟದಲ್ಲಿ ವಿಮಾನದಲ್ಲಿ ಹೊರಗೆ ಸಾಗಿಸುವ ಖರ್ಚೂ ಸೇರಿದ ಆರೋಗ್ಯ ವಿಮೆ ಬೇಕೇ ಬೇಕು.

ಬಟ್ಟೆ: ಡಿಸೆಂಬರ್ ಅಲ್ಲಿ ಬೇಸಿಗೆ ಅಂತ ಮೋಸ ಹೋಗಬೇಡಿ. ಗಾಳಿ ತಡೆಯುವ ಜಾಕೆಟ್ ಇಲ್ಲದೆ ಆಗಲ್ಲ. ಚಳಿಯಲ್ಲೂ ಬಿಸಿಲು ಮುಖ ಸುಡುತ್ತದೆ, ಸನ್‌ಸ್ಕ್ರೀನ್ ಮರೆಯಬೇಡಿ.

ಮಳೆಕಾಡು: ಇನ್ನೆರಡು ಮಾತು. ಪ್ರಾಣಿಗಳಿಂದ 6 ಮೀಟರ್ ದೂರ ಇರಬೇಕು, ಅದು ಅಲ್ಲಿಯ ನಿಯಮ. ನೀವು ಸುಮ್ಮನೆ ಕೂತಾಗ ಪೆಂಗ್ವಿನ್ನೇ ಬಂದು ಶೂ ಲೇಸ್ ಎಳೆದರೆ ಅದರ ಇಷ್ಟ. 2023ರಲ್ಲಿ ಹಕ್ಕಿಜ್ವರ ಅಲ್ಲಿಗೂ ಬಂದಿತ್ತು. ಹಾಗಾಗಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಮೊದಲು ಶೂ ತಳ ಉಜ್ಜಿ ತೊಳೆಯಬೇಕು. ಬ್ಯಾಗಿನ ವೆಲ್ಕ್ರೋದಲ್ಲಿ ಸಿಕ್ಕಿಕೊಂಡ ಬೀಜಗಳನ್ನೂ ಕಿತ್ತು ತೆಗೆಯಿರಿ. ಹಳೇ ಟೂತ್‌ಬ್ರಶ್ ಒಂದು ಜೇಬಿನಲ್ಲಿರಲಿ.