ಪ್ರೋಟಾನ್ ಮ್ಯಾಗ್ನೆಟೋಮೀಟರ್ (ಭೂಮಿಯ ಕಾಂತಕ್ಷೇತ್ರ ಅಳೆಯೋ ಉಪಕರಣ) ರೀಡಿಂಗ್ ಒಂದು ಕಡೆ ನಿಲ್ತಾನೇ ಇಲ್ಲ, ಏನ್ ಚೆಕ್ ಮಾಡ್ಲಿ?

ಕಲ್ಲುಬಂಡೆ: ಚಿತ್ರದುರ್ಗದ ಕಡೆ ಸರ್ವೆ ನಡೀತಿದೆ, ಒಂದೇ ಜಾಗದಲ್ಲಿ ನಿಂತು ತಗೊಂಡ್ರೂ 30-40 ನ್ಯಾನೋಟೆಸ್ಲಾ (ಕಾಂತಕ್ಷೇತ್ರ ಅಳೆಯೋ ಮಾನ) ಆಚೀಚೆ ಆಗ್ತಿದೆ, ಬ್ಯಾಟರಿ ಫುಲ್ ಇದೆ, ಸೆನ್ಸರ್ ಹೋಯ್ತಾ?

ಫೀಲ್ಡ್‌ಬುಕ್: ಸೆನ್ಸರ್ ಅಲ್ಲಾಡಿಸಿ ನೋಡಿ ಸರ್, ಸೀಮೆಎಣ್ಣೆ ತುಂಬಿರೋ ಮಾಡೆಲ್ ಆದ್ರೆ ಕಮ್ಮಿಯಾದಾಗ ಗುಳುಗುಳು ಸದ್ದು ಬರುತ್ತೆ, ಸಿಗ್ನಲ್ ಕೊಡೋದೇ ಆ ಎಣ್ಣೆಯಲ್ಲಿರೋ ಪ್ರೋಟಾನ್‌ಗಳು. ಕೇಬಲ್ ಕನೆಕ್ಟರ್ ಬಿಚ್ಚಿ, ಪಿನ್ ಮೇಲೆ ಹಸಿರು ಕಿಲುಬು ಇದ್ರೆ ಒರೆಸಿ. ಮೊಬೈಲು, ಬೆಲ್ಟು, ಕೀ ಎಲ್ಲಾ ದೂರ ಇಡಿ.

ಮಣ್ಣುದಾರಿ: ನಮ್ಮಲ್ಲಿ ಭೂಕಾಂತಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ ಅಷ್ಟೇ, ಅದೂ ಹೆಚ್ಚುಕಮ್ಮಿ ಅಡ್ಡಡ್ಡ, ಹಾಗಾಗಿ ಸೆನ್ಸರ್ ಒಳಗಿನ ಕಾಯಿಲ್ (ತಂತಿ ಸುರುಳಿ) ಉತ್ತರ-ದಕ್ಷಿಣ ಮಲಗಿದ್ರೆ ಸಿಗ್ನಲ್ ಸತ್ತೇಹೋಗುತ್ತೆ, ಪೂರ್ವ-ಪಶ್ಚಿಮ ತಿರುಗಿಸಿ. ಕಬ್ಬಿಣದ ಅದಿರಿನ ಬಂಡೆ ಮೇಲಂತೂ ಟೆಸ್ಟ್ ಮಾಡ್ಲೇಬೇಡಿ, ದೂರದ ಬಯಲಲ್ಲಿ ಮಾಡಿ.

ಕಲ್ಲುಬಂಡೆ: ಕನೆಕ್ಟರ್ ಪೂರ್ತಿ ಕಿಲುಬು ಹಿಡಿದಿತ್ತು, ಒರೆಸಿದ್ಮೇಲೆ ವ್ಯತ್ಯಾಸ 1-2ಕ್ಕೆ ಇಳೀತು. ತುಂಬಾ ಥ್ಯಾಂಕ್ಸ್ ಇಬ್ರಿಗೂ.