ಸಹಾಯ ಬೇಕು: ಇನ್‌ಫ್ರಾರೆಡ್ ಬೀಕನ್ ನಡುವೆಯೇ ರೀಸೆಟ್ ಆಗ್ತಿದೆ

ರಾತ್ರಿ ಶೋಧ ತಂಡದ ಅಭ್ಯಾಸಕ್ಕೆ, ನೈಟ್ ವಿಷನ್‌ನಲ್ಲಷ್ಟೇ ಮಿನುಗುವ ಗುರುತುದೀಪ. ಎಟಿಟೈನಿ85 ಮೈಕ್ರೋಕಂಟ್ರೋಲರ್ ಚಿಪ್, 850 ನ್ಯಾನೊಮೀಟರ್ ಎಲ್‌ಇಡಿ, 2ಎನ್2222 ಟ್ರಾನ್ಸಿಸ್ಟರ್, ಒಂದು ಸಿಆರ್2032 ಬಟನ್ ಸೆಲ್. ಮೋರ್ಸ್ ಪ್ಯಾಟರ್ನ್ ಚಿಪ್‌ನ ಈಪ್ರಾಮ್‌ನಲ್ಲಿದೆ (ಪವರ್ ಹೋದರೂ ಅಳಿಯದ ಮೆಮೊರಿ).

100 ಮಿಲಿಆಂಪ್ ಪಲ್ಸ್ ಬಂದ ಕೂಡಲೇ ಸೆಲ್ ವೋಲ್ಟೇಜ್ ಕುಸಿದು, 2.7 ವೋಲ್ಟ್‌ನ ಬ್ರೌನ್‌ಔಟ್ (ವೋಲ್ಟೇಜ್ ಮಿತಿಗಿಂತ ಇಳಿದರೆ ಕೆಲಸ ಮಾಡುವ ರಕ್ಷಣೆ) ಚಿಪ್ಪನ್ನು ರೀಸೆಟ್ ಮಾಡುತ್ತೆ. ಪ್ಯಾಟರ್ನ್ ಮತ್ತೆ ಮೊದಲ ಅಕ್ಷರಕ್ಕೇ ಬರುತ್ತೆ. ಆ ಮಿತಿಯನ್ನು 1.8ಕ್ಕೆ ಇಳಿಸಿದರೆ ಹೊಸ ಸೆಲ್‌ನಲ್ಲಿ ಮಾತ್ರ ಸರಿ. 470 ಮೈಕ್ರೋಫ್ಯಾರಡ್ ಕೆಪಾಸಿಟರ್ 20 ಮಿಲಿಸೆಕೆಂಡ್ ಪಲ್ಸ್‌ಗೆ ಏನೇನೂ ಸಾಲದು, ಪಲ್ಸನ್ನು 5ಕ್ಕೆ ಇಳಿಸಿದರೂ ಸುಮಾರು 1 ವೋಲ್ಟ್ ಬೀಳುತ್ತೆ.

4700 ಮೈಕ್ರೋಫ್ಯಾರಡ್ ಹಾಕಿದವರಿದ್ದೀರಾ? ಚಿಪ್ ಸ್ಲೀಪ್‌ನಲ್ಲಿರುವಾಗ ಅದರ ಲೀಕೇಜ್ ಸೆಲ್ಲನ್ನು ಎಷ್ಟು ತಿನ್ನುತ್ತೆ? ಅಥವಾ ಎರಡು ಸೆಲ್ ಪ್ಯಾರಲಲ್ ಸಾಕಾ? ದೊಡ್ಡ ಸಿಆರ್123ಎ ಸೆಲ್ ಡಬ್ಬಿಯಲ್ಲಿ ಹಿಡಿಸಲ್ಲ.

940 ನ್ಯಾನೊಮೀಟರ್‌ನ ಎಲ್‌ಇಡಿ ಸಲಹೆ ದಯವಿಟ್ಟು ಬೇಡ. 850ರ ಮಂದ ಕೆಂಪು ಹತ್ತಿರದಿಂದ ಕಾಣುತ್ತೆ ನಿಜ, ಆದರೆ 940 ಜೆನ್ 3 (ಮೂರನೇ ತಲೆಮಾರಿನ) ನೈಟ್ ವಿಷನ್ ಟ್ಯೂಬ್‌ಗೂ ಬಹುತೇಕ ಕಾಣಲ್ಲ.