ಆಸಿಡ್ ಬೇಡ ಪುಟ್ಟಿ, ಮೊದಲು ಕಲೆ ಯಾವುದೆಂದು ನೋಡು

ಪುಟ್ಟಿ, ನೀನು ಮನೆಯವರ ಗ್ರೂಪಿನಲ್ಲಿ ಹಾಕಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಟೈಪ್ ಮಾಡುತ್ತ ಕುಳಿತರೆ ಒಲೆಯ ಮೇಲಿನ ಸಾರು ಉಕ್ಕುತ್ತದೆ, ಅದಕ್ಕೇ ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ಪೂರ್ತಿ ಕೇಳು. ಬಚ್ಚಲುಮನೆಯ ಟೈಲ್ಸ್ ಮೊದಲಿನಂತಾಗದಿದ್ದರೆ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುತ್ತೇವೆ ಎಂದು ಮನೆ ಮಾಲೀಕರು ಹೇಳಿದ್ದಾರೆ, ಏನು ಮಾಡಲಿ ಎಂದು ನೀನು ಕೇಳಿದೆ. ಅದಕ್ಕೆ ನಿಮ್ಮಪ್ಪ, ಒಂದು ಬಾಟಲಿ ಆಸಿಡ್ ಸುರಿದು ಉಜ್ಜು, ಫಳಫಳ ಹೊಳೆಯುತ್ತದೆ ಎಂದರು. ಭಾವ, ಕೋಪಿಸಿಕೊಳ್ಳಬೇಡಿ, ಈ ಒಂದು ವಿಷಯದಲ್ಲಿ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ.

ಹೊಳೆಯುವುದೇನೋ ನಿಜ. ಟೈಲ್ಸ್ ಎಂದರೆ ಸುಟ್ಟ ಮಣ್ಣು, ಅದರ ಮೇಲೆ ಗಾಜಿನಂಥ ತೆಳುವಾದ ಲೇಪ. ಆ ಲೇಪ ಗಟ್ಟಿ, ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಕೆಡುವುದು ಸಂದು. ಎರಡು ಟೈಲ್ಸ್ ನಡುವೆ ತುಂಬಿರುವುದು ಸಾಮಾನ್ಯವಾಗಿ ಸಿಮೆಂಟು, ಅದನ್ನು ಆಸಿಡ್ ಕರಗಿಸುತ್ತದೆ. ಸುರಿದಾಗ ಬುಸ್ ಎಂದು ನೊರೆ ಬರುತ್ತದಲ್ಲ, ಕೊಳೆ ಹೋಗುತ್ತಿದೆ ಎಂದು ನಾವು ಖುಷಿಪಡುತ್ತೇವೆ. ಆ ನೊರೆಯಲ್ಲಿ ಸಂದಿನ ಸಿಮೆಂಟೂ ಹೋಗುತ್ತಿರುತ್ತದೆ. ಸಂದು ಸವೆದ ಮೇಲೆ ನೀರು ಹಿಂದಕ್ಕೆ ಇಳಿಯುತ್ತದೆ, ಕೆಳಗಿನ ಮನೆಯವರ ಚಾವಣಿ ಒದ್ದೆಯಾಗುತ್ತದೆ, ಆಮೇಲೆ ಅಡ್ವಾನ್ಸ್ ಅಲ್ಲ, ಇಡೀ ಕಟ್ಟಡದವರ ಜಗಳ. ಆಸಿಡ್‌ನ ಹೊಗೆಗೆ ನಲ್ಲಿಯ ಹೊಳಪೂ ಹೋಗುತ್ತದೆ. ಕಿಟಕಿಯೆಂದರೆ ಅಂಗೈಯಗಲದ್ದು, ಅಂಥ ಬಚ್ಚಲಲ್ಲಿ ಆ ಹೊಗೆಯನ್ನು ನೀನು ಕುಡಿಯುವುದೂ ಬೇಡ.

ಸರಿ, ಹಾಗಾದರೆ ಏನು ಮಾಡುವುದು? ಮೊದಲು ಕಲೆ ಯಾವುದೆಂದು ಗುರುತಿಸು. ನಿನ್ನ ಫೋಟೋದಲ್ಲಿ ನಲ್ಲಿಯ ಬುಡದಲ್ಲಿ, ಬಕೆಟ್ ಇಡುವ ಮೂಲೆಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗಿರುವುದು ಕೊಳೆಯೇ ಅಲ್ಲ. ನಿಮ್ಮದು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು, ಗಡಸು. ನೀರು ಆವಿಯಾಗುತ್ತದೆ, ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಲ್ಲೇ ಕೂರುತ್ತದೆ. ಸೋಪಿನ ಪುಡಿ ಹಾಕಿ ದಿನವಿಡೀ ತಿಕ್ಕಿದರೂ ಅದು ಕದಲುವುದಿಲ್ಲ, ಅದಕ್ಕೆ ಹುಳಿಯೇ ಬೇಕು. ಆದರೆ ಸೌಮ್ಯವಾದ ಹುಳಿ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಪುಡಿ, ಸಿಗುತ್ತದೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಕರಗಿಸು. ಗೋಡೆಗೆ ಮೊದಲು ಬರೀ ನೀರು ಎರಚಿ ಸಂದುಗಳನ್ನು ಚೆನ್ನಾಗಿ ನೆನೆಸು; ಒಣ ಸಂದು ಹುಳಿಯನ್ನು ಹೀರಿಕೊಳ್ಳುತ್ತದೆ, ನೆಂದದ್ದು ಅಷ್ಟು ಹೀರುವುದಿಲ್ಲ. ಆಮೇಲೆ ನಿಂಬೆ ಉಪ್ಪಿನ ನೀರು ಹಚ್ಚಿ ಹತ್ತು ನಿಮಿಷ ಬಿಟ್ಟು ಪ್ಲಾಸ್ಟಿಕ್ ಬ್ರಷ್‌ನಿಂದ ಉಜ್ಜಿ ತೊಳೆ. ನಲ್ಲಿಯ ಬುಡಕ್ಕೆ ಹಳೆಯ ಬಟ್ಟೆಯನ್ನು ಅದರಲ್ಲಿ ಅದ್ದಿ ಸುತ್ತಿಡು, ಗಟ್ಟಿ ಹೊಪ್ಪಳಿಕೆ ಸಡಿಲವಾಗುತ್ತದೆ. ವರ್ಷಗಟ್ಟಲೆ ಕೂತದ್ದು ಒಂದೇ ಸಲಕ್ಕೆ ಹೋಗುವುದಿಲ್ಲ, ಎರಡು ಮೂರು ಸಲ ಮಾಡು. ಬ್ಲೇಡು, ಪಾತ್ರೆ ತಿಕ್ಕುವ ಕಬ್ಬಿಣದ ನಾರು ಮುಟ್ಟಬೇಡ. ಗೀರು ಬೀಳುತ್ತದೆ, ಗೀರಿನಲ್ಲಿ ಮತ್ತೆ ಕೊಳೆ ಕೂರುತ್ತದೆ.

ಅತ್ತಿಗೆ ಕಳಿಸಿದ ವಿಡಿಯೋ ನೋಡಿದೆ, ಅಡುಗೆ ಸೋಡಾ ಮತ್ತು ವಿನೆಗರ್ ಕಲಸಿ ಬಳಿಯುವುದು. ನೋಡುವುದಕ್ಕೆ ಚೆನ್ನಾಗಿದೆ. ಆದರೆ ಒಂದು ಕ್ಷಾರ, ಒಂದು ಆಮ್ಲ; ಕಲಸಿದ ಕೂಡಲೇ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ಗುಳ್ಳೆ ಅಡಗಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಒಳ್ಳೆಯವೇ.

ಆ ಸೋಡಾ ಅಡುಗೆಮನೆಗೆ ಬರಲಿ. ಒಲೆಯ ಹಿಂದಿನ ಗೋಡೆಯದು ಒಗ್ಗರಣೆಯ ಜಿಡ್ಡು, ಅದಕ್ಕೆ ನಿಂಬೆ ಉಪ್ಪು ಹಾಕಿ ಪ್ರಯೋಜನವಿಲ್ಲ. ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ ಗೋಡೆಗೆ ಅಂಟಿಸಿ ಸ್ವಲ್ಪ ಹೊತ್ತು ಬಿಡು. ಜಿಡ್ಡು ಮೆತ್ತಗಾಗುತ್ತದೆ, ಒರೆಸಿದರೆ ಸಾಕು. ಉಳಿದದ್ದಕ್ಕೆ ಸೋಡಾವನ್ನು ಸ್ವಲ್ಪ ನೀರಲ್ಲಿ ಕಲಸಿ ಉಜ್ಜು. ಅರಿಶಿನದ ಕಲೆಗೆ ಸೋಪು ಮುಟ್ಟಿದ ಕೂಡಲೇ ಕೆಂಪಾದರೆ ಗಾಬರಿಯಾಗಬೇಡ, ಕ್ಷಾರಕ್ಕೆ ಅರಿಶಿನ ಹಾಗೇ ತಿರುಗುತ್ತದೆ. ತೊಳೆದರೆ ಮತ್ತೆ ಹಳದಿಗೆ ಬರುತ್ತದೆ. ಬಿಸಿಲು ಬೀಳುವ ಜಾಗವಾದರೆ ದಿನ ಕಳೆದಂತೆ ತಾನೇ ಮಾಸುತ್ತದೆ.

ನೆಲದ ಮೇಲೆ ಹೆಜ್ಜೆ ಮೂಡುತ್ತದೆ ಎಂದೆಯಲ್ಲ, ಅದು ಫಿನಾಯಿಲ್ ಹೆಚ್ಚಾದದ್ದು. ವಾಸನೆ ಬರಲಿ ಎಂದು ಸುರಿಯುತ್ತಾರೆ, ಅದು ಅಂಟಾಗಿ ಉಳಿಯುತ್ತದೆ. ಒಂದೆರಡು ಸಲ ಬರೀ ಬಿಸಿನೀರಲ್ಲಿ ಒರೆಸು. ಬಟ್ಟೆ ಹಿಂಡುವುದಕ್ಕೆ ಬೇರೆ ಬಕೆಟ್ ಇಡು, ಇಲ್ಲದಿದ್ದರೆ ಹಾಲ್‌ನ ಕೊಳೆಯನ್ನೇ ರೂಮಿಗೆ ಬಳಿದಂತಾಗುತ್ತದೆ.

ಸಂದಿನ ಕಪ್ಪು ಬೂಷ್ಟಿಗೆ ಬ್ಲೀಚಿಂಗ್ ಪೌಡರ್ ನಡೆಯುತ್ತದೆ. ಆದರೆ ಇದನ್ನು ಎರಡು ಸಲ ಕೇಳಿಸಿಕೊ: ನಿಂಬೆ ಉಪ್ಪು ಹಾಕಿದ ದಿನ ಬ್ಲೀಚಿಂಗ್ ಬೇಡ, ಬ್ಲೀಚಿಂಗ್ ಹಾಕಿದ ದಿನ ಯಾವ ಹುಳಿಯೂ ಬೇಡ, ಟಾಯ್ಲೆಟ್ ತೊಳೆಯುವ ಲಿಕ್ವಿಡ್ ಕೂಡ ಬೇಡ. ಅದರಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಬ್ಲೀಚಿಂಗ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ. ಕೆಲಸದವರಿಗೂ ಇದನ್ನು ಬಿಡಿಸಿ ಹೇಳು, ಅವರು ಎಲ್ಲವನ್ನೂ ಒಂದೇ ಮಗ್ಗಿಗೆ ಹಾಕಿಬಿಡುತ್ತಾರೆ. ಪ್ರತಿದಿನ ಸ್ನಾನವಾದ ಮೇಲೆ ವೈಪರ್‌ನಿಂದ ಗೋಡೆಯ ನೀರನ್ನು ಎಳೆದುಬಿಟ್ಟರೆ ಬೂಷ್ಟೂ ಕಡಿಮೆ, ಬಿಳಿ ಕಲೆಯೂ ಕಡಿಮೆ.

ಇನ್ನು ಕೊನೆಯ ಫೋಟೋ, ಬಾಗಿಲ ಪಕ್ಕ ನೆಲದ ಸಂದಿನಿಂದ ಬಿಳಿ ಪುಡಿ ಉಬ್ಬಿರುವುದು. ಅದು ಮೇಲಿನಿಂದ ಬಂದದ್ದಲ್ಲ, ಕೆಳಗಿನ ತೇವ ಸಿಮೆಂಟಿನ ಲವಣವನ್ನು ಹೊತ್ತು ತಂದದ್ದು. ಒಣ ಬ್ರಷ್‌ನಲ್ಲಿ ಗುಡಿಸು, ತೇವ ನಿಲ್ಲುವವರೆಗೆ ಮತ್ತೆ ಬರುತ್ತಲೇ ಇರುತ್ತದೆ. ಆ ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿ ನೋಡು. ಪಕ್ಕದವು ಗಟ್ಟಿಯಾಗಿ ಸದ್ದು ಮಾಡಿ ಅದೊಂದು ಟೊಳ್ಳಾಗಿ ಕೇಳಿದರೆ, ಕೆಳಗೆ ಹಿಡಿತ ಬಿಟ್ಟಿದೆ. ಅದು ಕಟ್ಟಡದ ಕೆಲಸ, ನಿನ್ನ ಖರ್ಚಲ್ಲ. ಫೋಟೋ ಸಮೇತ ಮಾಲೀಕರಿಗೆ ಈಗಲೇ ಮೆಸೇಜ್ ಹಾಕು, ಮನೆ ಬಿಡುವ ದಿನ ಬಾಯಿಮಾತಿನಲ್ಲಿ ಹೇಳಿದರೆ ನಿಲ್ಲುವುದಿಲ್ಲ.

ಆ ಬಚ್ಚಲ ಹೊಸಿಲಿನ ಕಲ್ಲು ಸರಿಯಾಗಿ ಕಾಣಿಸುತ್ತಿಲ್ಲ. ಗ್ರಾನೈಟ್ ಆದರೆ ಚಿಂತೆಯಿಲ್ಲ. ಶಹಾಬಾದ್ ಕಲ್ಲೋ, ಕಡಪ ಕಲ್ಲೋ, ಮಾರ್ಬಲ್ಲೋ ಆದರೆ ಹುಳಿ ಬಿದ್ದಲ್ಲಿ ಹೊಳಪು ಹೋಗಿ ಮಚ್ಚೆಯಾಗುತ್ತದೆ, ಮೂರರಲ್ಲೂ ಸುಣ್ಣದ ಅಂಶವೇ ಇರುವುದು. ಹತ್ತಿರದಿಂದ ಒಂದು ಫೋಟೋ ತೆಗೆದು ಹಾಕು. ನಾನು ನೋಡಿ ಹೇಳುವವರೆಗೆ ನಿಂಬೆ ಉಪ್ಪಿನ ನೀರು ಆ ಕಡೆ ಹರಿಯದಂತೆ ಹಳೆಯ ಟವೆಲ್ ಅಡ್ಡ ಹಾಕಿಕೊ.